ಗಂಗಮ್ಮ ಮರಳಿಸಿದ ಕಾಯಿ

ಬೆಳಿಗ್ಗೆ ಗೆಳೆಯ ಮಂಜ ಕೈಮುಗಿದು ನೀರಿಗೆ ಬಿಟ್ಟಿದ್ದ ತೆಂಗಿನಕಾಯಿ, ಜುಟ್ಟಿಗೆ ಮೆತ್ತಿದ ಅರಿಶಿನದ ಸಮೇತ ನಮ್ಮ ದೋಣಿಯತ್ತಲೇ ತೇಲಿ ಬರುತ್ತಿತ್ತು. ಚನ್ನರಾಯಪಟ್ಟಣದ ಅವರ ತೋಟದ ಎಳೆ ಮರ ಬಿಟ್ಟ ಮೊದಲ ಕಾಯಿ ಅದು. ಗಂಗಮ್ಮನಿಗೆ ಒಪ್ಪಿಸಲೆಂದು ಅವನ ತಾಯಿ ಕೊಟ್ಟು ಕಳಿಸಿದ್ದರು.

ಕುಂದಾಪುರದಲ್ಲಿ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಲಂಗರು ಹಾಕಿಸಿ, ಕ್ಯಾಮೆರಾದ ರೀಲು ಮುಗಿಯುವವರೆಗೆ ಫೋಟೊ ತೆಗೆದು, ಚಿತ್ರಾನ್ನ ತಿಂದು ಗೆಳೆಯರೆಲ್ಲ ಕಾಲು ಚಾಚಿದ್ದೆವು. ಕಾಯಿ ಸಮುದ್ರದ ಕಡೆ ಹೋದದ್ದನ್ನು ಕಣ್ಣಾರೆ ಕಂಡಿದ್ದೆವು. ಹೇಮಾವತಿಯನ್ನಷ್ಟೇ ನೋಡಿ ಬೆಳೆದ ನಮಗೆ ತಲೆಬುಡ ತಿಳಿಯಲಿಲ್ಲ.

"ಹೊಳೇಗೆ ಬಿಟ್ಟಿದ್ದು ಯಾವತ್ತಾರ ವಾಪಸ್ ಬತ್ತದೇನ್ಲಾ? ಗಂಗಮ್ಮಂಗೆ ಬ್ಯಾಡ್ವಾಯ್ತಾ?" ಎಂದ ಮಂಜನ ಮುಖ ಬಿಳಿಚಿಕೊಂಡಿತ್ತು.

ಉಬ್ಬರದ ಹೊತ್ತಿಗೆ ಸಮುದ್ರದ ನೀರು ಹೀಗೇ ಒಳಗೆ ನುಗ್ಗುತ್ತದೆ ಎಂದು ದೋಣಿಯವರು ನಕ್ಕರು. ಆದರೂ ಕಾಯಿ ದೋಣಿಗೆ ತಾಗಿ ನಿಂತಾಗ ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಅಲ್ಲೇ ಬಿಟ್ಟು ದಡಕ್ಕೆ ಹೊರಟೆವು.

ಊರಿಗೆ ಬಂದ ಮೇಲೆ ನನ್ನನ್ನೂ ಜೊತೆಗೆ ನಿಲ್ಲಿಸಿಕೊಂಡು ಮಂಜ ಅಳುಕುತ್ತಲೇ ತಾಯಿಗೆ ಕಾಯಿ ವಾಪಸ್ ಬಂದ ವಿಷಯ ಹೇಳಿದ. ಅವರ ಮುಖ ಅರಳಿತು. "ಗಂಗಮ್ಮನೇ ಪ್ರಸಾದ ಕೊಟ್ಟವ್ಳೆ ಕಣ್ಲಾ! ಎಲ್ಲಿ, ಕೊಡು" ಎಂದು ಬೊಗಸೆ ಒಡ್ಡಿದರು.