ಬುಟ್ಟಿಯಕ್ಕನ ಎಡಗೆನ್ನೆ

ಕಾಡಂಚಿನ ಆ ಬುಡಕಟ್ಟಿನ ಕೇರಿಯಲ್ಲಿ ಬುಟ್ಟಿಯಕ್ಕನ ಕೈಗೆ ಸಿಕ್ಕ ಬಿದಿರು ಹೇಳಿದಂತೆ ಕೇಳುತ್ತಿತ್ತು. ಜನವೂ ಅಷ್ಟೇ, ಅವಳ ಮಾತಿಗೆ ಎದುರಾಡುತ್ತಿರಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಬಿದಿರು ಕಡಿಯಲು ಹೋದಾಗ, ಹಸಿವು ತಿಳಿಯದಿರಲಿ ಎಂದು ಅವ್ವನೇ ಅವಳ ದವಡೆಗೆ ಚೂರು ಹೊಗೆಸೊಪ್ಪು ಇಟ್ಟಿದ್ದಳು. ಅಲ್ಲಿಂದ ನಲವತ್ತು ವರ್ಷ ಆ ದವಡೆ ಖಾಲಿಯಿದ್ದದ್ದು ನಿದ್ದೆಯಲ್ಲಿ ಮಾತ್ರ.

ಬುಟ್ಟಿ ಹೆಣೆಯುವಾಗ ಬಿದಿರಿನ ಸೀಳನ್ನು ಹಲ್ಲಲ್ಲಿ ಕಚ್ಚಿ ಹಿಡಿಯುವುದು ಅವಳ ರೂಢಿ. ಒಂದು ದಿನ ಅದು ಎಡಗೆನ್ನೆಯ ಒಳಮೈಗೆ ತಾಗಿ ಕಣ್ಣಲ್ಲಿ ನೀರೇ ಬಂತು. ಸಿಬಿರು ಚುಚ್ಚಿರಬೇಕೆಂದು ಸುಮ್ಮನಾದಳು. ತಿಂಗಳಾದರೂ ಉರಿ ಹೋಗಲಿಲ್ಲ. ಬಿಸಿ ಚಹಾ ಬಿಟ್ಟು ತಣ್ಣಗೆ ಕುಡಿಯತೊಡಗಿದಳು. ಅದು ಕಣ್ಣಿಗೆ ಬಿದ್ದದ್ದು ಅವಳ ಅಕ್ಕನ ಮಗಳಿಗೆ. ಕೇರಿಯಿಂದ ಓದಿ ಪೇಟೆಯ ಆಸ್ಪತ್ರೆಯಲ್ಲಿ ನರ್ಸಾದವಳು ಅವಳೊಬ್ಬಳೇ.

“ಚಿಕ್ಕಮ್ಮ, ಬಾಯಿ ತೆಗಿ.”

“ನಿನ್ನ ಎತ್ತಿ ಆಡಿಸಿದವಳು ನಾನು. ನಂಗೇ ಬಾಯಿ ತೆಗಿ ಅಂತೀಯಾ?” ಎನ್ನುತ್ತಲೇ ತೆಗೆದಳು.

ಟಾರ್ಚಿನ ಬೆಳಕಲ್ಲಿ ಉಗುರಗಲದ ಬಿಳಿ ಮಚ್ಚೆ ಕಂಡಿತು. ಬಟ್ಟೆಯಿಂದ ಒರೆಸಿದರೂ ಹೋಗಲಿಲ್ಲ.

ಪೇಟೆಯ ವೈದ್ಯರು ಮಚ್ಚೆಯ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬರುವವರೆಗಿನ ಎಂಟು ದಿನ ಬುಟ್ಟಿಯಕ್ಕ ಒಂದು ಬುಟ್ಟಿಯನ್ನೂ ಮುಗಿಸಲಿಲ್ಲ. ಉತ್ತರ ನೋಡಿದ ವೈದ್ಯರು, ಇನ್ನೂ ಕ್ಯಾನ್ಸರ್ ಆಗಿಲ್ಲ, ಹೊಗೆಸೊಪ್ಪು ಬಿಡದಿದ್ದರೆ ಆಗಬಹುದು ಎಂದರು. ಮಚ್ಚೆಯನ್ನು ಕತ್ತರಿಸಿ ತೆಗೆದು, ಮೂರು ತಿಂಗಳಿಗೊಮ್ಮೆ ಬಂದು ತೋರಿಸಲು ಹೇಳಿದರು.

ಅಂದೇ ಹೊಗೆಸೊಪ್ಪು ಬಿಟ್ಟಳು. ಕೈ ಮಾತ್ರ ತಾನಾಗಿಯೇ ಸೊಂಟದ ಸೊಪ್ಪಿನ ಚೀಲ ತಡಕುತ್ತಿತ್ತು. ಮೊದಲ ವಾರ ಗಂಡ ಉಸಿರಾಡಿದರೂ ತಪ್ಪು. ಅವನು ಹೆದರಿ ತನ್ನ ಸೊಪ್ಪಿನ ಡಬ್ಬಿಯನ್ನು ಕೇರಿಯ ಆ ತುದಿಯ ಮನೆಯಲ್ಲಿಟ್ಟ. ಅಲ್ಲಿಗೂ ಇಲ್ಲಿಗೂ ಓಡಾಡಿ ಕಾಲುನೋವು ಬಂದು, ಜಗಿಯುವುದನ್ನು ಅರ್ಧಕ್ಕಿಳಿಸಿದ. ಅವಳು ಎರಡು ಸಲ ಬಿಟ್ಟು ಮತ್ತೆ ಹಿಡಿದಳು. ಮೂರನೆಯ ಸಲ ಬಿಟ್ಟದ್ದು ಬಿಟ್ಟೇಬಿಟ್ಟಳು.

ಹೊಗೆಸೊಪ್ಪು ಬಿಡಿ ಎನ್ನಲು ಆಸ್ಪತ್ರೆಯವರು ಬಂದಾಗಲೆಲ್ಲ ಕೇರಿಯವರು ಕಾಡಿಗೆ ಜಾರಿಕೊಳ್ಳುತ್ತಿದ್ದರು. ಬೈಗುಳದಂಥ ಆ ಬುದ್ಧಿವಾದ ಯಾರಿಗೆ ಬೇಕು? ಈಗ ಬುಟ್ಟಿಯಕ್ಕನೇ ಅಕ್ಕನ ಮಗಳನ್ನು ಕರೆದುಕೊಂಡು ಮನೆಮನೆಗೆ ಹೊರಟಳು. ಉಪದೇಶ ಮಾಡಲಿಲ್ಲ. ಮೊದಲು ತನ್ನ ಬಾಯಿ ತೆರೆದು ಗಾಯದ ಗುರುತು ತೋರಿಸುವಳು, ಆಮೇಲೆ ಅವರ ಬಾಯಿ ತೆರೆಸುವಳು.

ಕೇರಿಯ ಹಿರಿಯರಾದ ಅವಳ ಭಾವ ಮಾತ್ರ ಜಗ್ಗಲಿಲ್ಲ. ಸಾಯುವ ವಯಸ್ಸಲ್ಲಿ ಇದೆಲ್ಲ ಯಾಕೆ ಎಂದರು.

“ಸಾಯೋದು ಇದ್ದೇ ಇದೆ ಭಾವ. ಮೊದಲು ಬಾಯಿ ತೆಗೀರಿ.”

ನಾಲಿಗೆಯ ಅಂಚಿನಲ್ಲಿ ಬಟಾಣಿಯಷ್ಟು ಗಂಟಿತ್ತು. ಪೇಟೆಯಲ್ಲಿ ಪರೀಕ್ಷಿಸಿದಾಗ ಅದು ಕ್ಯಾನ್ಸರೇ ಎಂದು ತಿಳಿಯಿತು. ಆದರೆ ಬೇಗ ಸಿಕ್ಕಿತ್ತು, ಶಸ್ತ್ರಚಿಕಿತ್ಸೆಯಾಯಿತು. ಈಗ ಭಾವನ ಮಾತು ಕೊಂಚ ತೊದಲುತ್ತದೆ, ಗದರುವುದು ಮಾತ್ರ ಕಡಿಮೆಯಾಗಿಲ್ಲ. ಕಳೆದ ವಾರ ಬಾಯಿ ಹುಣ್ಣಿನ ಇಬ್ಬರನ್ನು ಅವರೇ ಗದರಿ ಪೇಟೆಯ ಬಸ್ಸು ಹತ್ತಿಸಿದರು. ಒಬ್ಬಳು ಹೆದರಿ ಮುಂದಿನ ನಿಲ್ದಾಣದಲ್ಲೇ ಇಳಿದುಬಿಟ್ಟಳಂತೆ. ನಾಳೆ ಅವಳ ಜೊತೆ ಬುಟ್ಟಿಯಕ್ಕ ಹೋಗುವವಳಿದ್ದಾಳೆ.