ದಾರೀನಿನಲ್ಲಿ ಅಮಾವಾಸ್ಯೆ

ರಿಯಾದಿನಿಂದ ದಮ್ಮಾಮಿಗೆ ಹೋಗುವ ಬೆಳಗಿನ ರೈಲನ್ನು ನಾನು ಹತ್ತಿದ್ದು ಗುರುವಾರ. ಎರಡನೇ ದರ್ಜೆಗೆ ನಲವತ್ತು ರಿಯಾಲ್. ಕೈಯಲ್ಲಿದ್ದದ್ದು ಒಂದೇ ಬ್ಯಾಗು. ಅದರಲ್ಲಿ ಒಂದು ಜತೆ ಬಟ್ಟೆ, ಅಣ್ಣನಿಗೆಂದು ಕೊಂಡ ನೋವಿನ ಎಣ್ಣೆ, ಒಂದು ಅರ್ಜಿ, ಒಂದು ಸ್ಟಾಂಪ್ ಪ್ಯಾಡು. ಅಂಗಿಯ ಜೇಬಿನಲ್ಲಿ ಕಂಪನಿಯ ಮೊಹರು ಬಿದ್ದ ಪತ್ರ. ಇಲ್ಲಿ ವಾಸಿಸಲು ಕೊಡುವ ಪರವಾನಗಿ ಚೀಟಿ ಇಕಾಮಾ ಇದ್ದರೂ ಒಂದು ಊರು ಬಿಟ್ಟು ಇನ್ನೊಂದು ಊರಿಗೆ ಹೋಗಲು ಕಫೀಲನ, ಅಂದರೆ ನಮ್ಮನ್ನು ಈ ದೇಶಕ್ಕೆ ಕರೆಸಿಕೊಂಡ ಯಜಮಾನನ, ಇಂಥ ಪತ್ರ ಬೇಕು. ನನ್ನ ಪತ್ರ ಶುಕ್ರವಾರದವರೆಗೆ ಮಾತ್ರ ನಡೆಯುತ್ತಿತ್ತು.

ಆ ಪತ್ರವನ್ನು ಟೈಪು ಮಾಡಿದವನೂ ನಾನೇ. ಕಂಪನಿಯ ಸಿಬ್ಬಂದಿ ವಿಭಾಗದಲ್ಲಿ ಐದು ವರ್ಷಗಳಿಂದ ನನ್ನ ಕೆಲಸ ಇದೇ. ರಜೆಯ ಪತ್ರ, ಇಕಾಮಾ ನವೀಕರಣ, ಊರಿಗೆ ಹೋಗಿ ಬರುವವರ ಅನುಮತಿ. ಕುಂದಾಪುರದ ಕಡೆ ನಮ್ಮ ಕೇರಿಯಲ್ಲಿ ಬಿ.ಕಾಂ. ಮುಗಿಸಿದವನು ನಾನೊಬ್ಬನೇ. ಮನೆಯಲ್ಲಿ ನನಗಿಂತ ಮೊದಲು ಯಾರೂ ಏಳನೇ ಕ್ಲಾಸು ದಾಟಿರಲಿಲ್ಲ. ಗೋವಿಂದಣ್ಣ ಎರಡನೇ ಕ್ಲಾಸಿಗೇ ಬಿಟ್ಟವನು. ಹದಿಮೂರನೆಯ ವಯಸ್ಸಿಗೆ ಅಪ್ಪನ ದೋಣಿ ಹತ್ತಿದ. ನಾನು ಕಾಲೇಜಿಗೆ ಹಾಕಿಕೊಂಡು ಹೋದ ಅಂಗಿಗಳೆಲ್ಲ ಅವನು ಬಲೆ ಎಳೆದು ತಂದವು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಆ ಅಣ್ಣ ಈಗ ದಮ್ಮಾಮಿನ ಹತ್ತಿರದ ದಾರೀನ್ ಎಂಬ ಸಣ್ಣ ಊರಿನಲ್ಲಿ ಒಬ್ಬ ಸೌದಿ ಮುದುಕನ ಬೋಟಿನಲ್ಲಿದ್ದ. ವಯಸ್ಸು ನಲವತ್ತಾರು. ಬೇಸಿಗೆಯಲ್ಲಿ ಮೀನು ತುಂಬುವ ಗುಂಡಿಗೆ ಜಾರಿ ಬಿದ್ದು ಎಡ ಭುಜಕ್ಕೆ ಪೆಟ್ಟಾಗಿತ್ತು. ಆಮೇಲೆ ಆ ಕೈ ಮೇಲಕ್ಕೆ ಏಳುತ್ತಿಲ್ಲವೆಂದು ಅವನ ಸ್ನೇಹಿತ ಹಸನಬ್ಬ ಫೋನಿನಲ್ಲಿ ಹೇಳಿದ್ದರು. ಅಷ್ಟರಲ್ಲಿ ನಮ್ಮ ಕಂಪನಿಯ ಗೋದಾಮಿನಲ್ಲಿ ಒಂದು ಸಹಾಯಕನ ಜಾಗ ಖಾಲಿಯಾಯಿತು. ನಾನು ಮ್ಯಾನೇಜರರ ಕಾಲು ಹಿಡಿಯುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿ ಆ ಜಾಗವನ್ನು ಶನಿವಾರದವರೆಗೆ ಹಿಡಿದಿಟ್ಟುಕೊಂಡೆ. ಅಣ್ಣನ ಕಫೀಲನೂ ಒಪ್ಪಿ ಬಿಡುಗಡೆಯ ಕಾಗದಕ್ಕೆ ಮೊಹರು ಒತ್ತಿದ್ದ. ಇನ್ನು ಬೇಕಾದದ್ದು ಅಣ್ಣನ ಹೆಬ್ಬೆಟ್ಟು. ಸ್ಟಾಂಪ್ ಪ್ಯಾಡು ಅದಕ್ಕೆ.

ರೈಲಿನ ಕಿಟಕಿಯ ಹೊರಗೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಮರಳು, ವಿದ್ಯುತ್ ಕಂಬ, ಮತ್ತೆ ಮರಳು. ಎದುರಿನ ಸೀಟಿನ ಪಾಕಿಸ್ತಾನಿ ಮೇಸ್ತ್ರಿ ಕೂತಲ್ಲೇ ಬಾಯಿ ತೆರೆದು ನಿದ್ದೆ ಹೋಗಿದ್ದ. ಹುಫೂಫಿನಲ್ಲಿ ಹತ್ತು ನಿಮಿಷ ನಿಂತಾಗ ಮಾತ್ರ ಖರ್ಜೂರದ ತೋಟಗಳ ಹಸಿರು ಕಂಡಿತು. ಅಲ್ಲಿ ಒಂದು ಡಬ್ಬ ಖರ್ಜೂರ ಕೊಂಡೆ. ವಾರದ ದಣಿವೆಲ್ಲ ಸೊಂಟದಲ್ಲಿ ಬಂದು ಕೂತಿತ್ತು. ದಮ್ಮಾಮಿನಲ್ಲಿ ಇಳಿದಾಗ ಮಧ್ಯಾಹ್ನ ಒಂದು ಗಂಟೆ. ಅಕ್ಟೋಬರಾದರೂ ಗಾಳಿ ಒದ್ದೆ ಟವೆಲಿನ ಹಾಗೆ ಮುಖಕ್ಕೆ ಸುತ್ತಿಕೊಂಡಿತು.

ಅಲ್ಲಿಂದ ಕತೀಫಿಗೆ ಪಾಲಿನ ಟ್ಯಾಕ್ಸಿ, ತಲೆಗೆ ಐದು ರಿಯಾಲ್. ಐದನೆಯವನು ಬರುವವರೆಗೆ ಡ್ರೈವರು ಗಾಡಿ ಅಲುಗಾಡಿಸಲಿಲ್ಲ. ಕತೀಫಿನಿಂದ ಇನ್ನೊಂದು ಗಾಡಿ. ಸಮುದ್ರದ ಮೇಲೆ ಕಟ್ಟಿದ ದಾರಿ ದಾಟಿದರೆ ತಾರೂತ್ ದ್ವೀಪ; ಅದರ ತುದಿಗೆ ದಾರೀನ್. ಕುಸಿದ ಒಂದು ಹಳೆಯ ಕೋಟೆ, ಉಪ್ಪು ತಿಂದ ಗೋಡೆಗಳು, ಬೇಲಿ ಹಾಕಿದ ಒಂದು ಜೆಟ್ಟಿ. ನಾನು ತಲುಪಿದಾಗ ಇಳಿಹೊತ್ತಿನ ಅಸರ್ ನಮಾಜಿನ ಸಮಯ. ಅಂಗಡಿಗಳೆಲ್ಲ ಶಟರು ಎಳೆದುಕೊಂಡಿದ್ದವು. ಬಾಯಾರಿಕೆಯಲ್ಲಿ ಅರ್ಧ ಗಂಟೆ ಒಂದು ಗೋಡೆಯ ನೆರಳಿನಲ್ಲಿ ಕೂತೆ. ಮೀನು ಒಣಗುವ ವಾಸನೆ ಬಂತು. ಆ ವಾಸನೆಯಿಂದ ದೂರ ಹೋಗಲೆಂದೇ ನಾನು ಓದಿದ್ದು. ಆದರೂ ಮೂಗು ಅದನ್ನು ಮನೆಯವರ ಹಾಗೆ ಗುರುತಿಸಿತು.

ಹಸನಬ್ಬ ಉಳ್ಳಾಲದ ಕಡೆಯವರು. ಜೆಟ್ಟಿಯ ಎದುರು ಬೂಫಿಯಾ, ಅಂದರೆ ಚಾ ಮತ್ತು ಸ್ಯಾಂಡ್‌ವಿಚ್ಚಿನ ಸಣ್ಣ ಅಂಗಡಿ, ನಡೆಸುತ್ತಾರೆ. ಶಟರು ಎತ್ತಿದ ಕೂಡಲೇ ನನ್ನ ಗುರುತು ಹಿಡಿದರು. ಮುಖ ಅಣ್ಣನದೇ, ಹೊಟ್ಟೆ ಮಾತ್ರ ಆಫೀಸಿನದು ಎಂದರು. ಅಣ್ಣ ಎಲ್ಲಿ ಎಂದು ಕೇಳಿದೆ. ಸಮುದ್ರದಲ್ಲಿ ಎಂದರು.

ಗುರುವಾರ ಬರುತ್ತೇನೆಂದು ಫೋನು ಮಾಡಿದ್ದೆನಲ್ಲ ಎಂದರೆ, ಫೋನು ಬರುವ ಮೊದಲೇ ಬೋಟು ಹೋಗಿತ್ತಂತೆ. ನಾಳೆ ಬಂದರೂ ಬಂದೀತು, ನಾಡಿದ್ದಾದರೂ ಆದೀತು. ನನ್ನ ಪತ್ರ ನಾಳೆಗೆ ಮುಗಿಯುತ್ತದೆ ಎಂದೆ. ಆಗ ಅವರು ಚಾ ಸೋಸುತ್ತಲೇ ಗೋಡೆಯ ಕ್ಯಾಲೆಂಡರಿನತ್ತ ಗಲ್ಲ ತಿರುಗಿಸಿದರು.

"ಎಂತ ಸಾರ್, ಇವತ್ತು ತಾರೀಕು ಇಪ್ಪತ್ತೆಂಟಲ್ವಾ? ಚಂದ್ರ ಇಲ್ಲದ ದಿವಸ ಬೋಟು ದಡದಲ್ಲಿ ಇರುದುಂಟಾ? ಮೀನುಗಾರರ ಮನೆಯವರು ಮಾರಾಯ್ರೆ ನೀವು."

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಈ ದೇಶದ ತಿಂಗಳು ಚಂದ್ರನದು. ಒಂದನೇ ತಾರೀಕು ಎಂದರೆ ಎಳೆ ಚಂದ್ರ, ಹದಿನಾಲ್ಕು ಹದಿನೈದು ಎಂದರೆ ಹುಣ್ಣಿಮೆ, ಇಪ್ಪತ್ತೊಂಬತ್ತು ಎಂದರೆ ಕತ್ತಲು. ಐದು ವರ್ಷ ದಿನಕ್ಕೆ ನಲವತ್ತು ಪತ್ರಗಳ ತಲೆಯ ಮೇಲೆ ಆ ತಾರೀಕು ಬರೆದಿದ್ದೇನೆ. ಒಂದು ಸಲವೂ ಅದರಲ್ಲಿ ಚಂದ್ರ ಕಂಡಿರಲಿಲ್ಲ. ಬೆಳದಿಂಗಳಿಗೆ ಬಲೆ ಮೀನಿನ ಕಣ್ಣಿಗೆ ಬೀಳುತ್ತದೆ, ಕತ್ತಲಲ್ಲೇ ಬೀಸಬೇಕು ಎಂಬುದನ್ನು ನಾನು ಅಕ್ಷರಕ್ಕಿಂತ ಮೊದಲು ಕಲಿತಿದ್ದೆ. ನಮ್ಮ ಕೇರಿಯಲ್ಲಿ ಗಂಡಸರನ್ನು ಕಾಣಬೇಕಾದರೆ ಜನ ಹುಣ್ಣಿಮೆಗೆ ಬರುತ್ತಿದ್ದರು.

ಸಂಜೆ ಅಣ್ಣನ ಕಫೀಲ್ ಚಾ ಕುಡಿಯಲು ಬಂದ. ಎಲ್ಲರೂ ಹಾಜಿ ಎಂದು ಕರೆಯುವ, ಕೋಲು ಹಿಡಿದ ತೆಳ್ಳಗಿನ ಮುದುಕ. ಅರಬ್ಬಿಗೆ ಹಿಂದಿ ಬೆರೆಸಿ ಮಾತಾಡಿದ. ಅವನಪ್ಪ ಹಾಯಿಹಡಗಿನಲ್ಲಿ ಮಂಗಳೂರಿಗೆ ಹೋಗಿ ಹೆಂಚು ತಂದಿದ್ದನಂತೆ. ಮೊಹರು ಒತ್ತಿದ್ದಕ್ಕೆ ಬೇಸರವಿದೆಯೇ ಎಂದು ಕೇಳಿದೆ. ಗೋವಿಂದನ ಮನಸ್ಸು ಗೋವಿಂದನದು ಎಂದ. ನೀರಿನ ಕೆಳಗಿನ ಕಲ್ಲುಗಳು ತನ್ನ ಮಕ್ಕಳಿಗೆ ಗೊತ್ತಿಲ್ಲ, ಅವನಿಗೆ ಗೊತ್ತು ಎಂದೂ ಸೇರಿಸಿದ. ಆಮೇಲೆ ನನ್ನ ಚಾದ ದುಡ್ಡನ್ನೂ ಅವನೇ ಕೊಟ್ಟು ಎದ್ದು ಹೋದ.

ರಾತ್ರಿ ಬೋಟಿನವರ ಆರು ಮಂಚಗಳ ಕೋಣೆಯಲ್ಲಿ ಅಣ್ಣನ ಮಂಚದ ಮೇಲೆ ಮಲಗಿದೆ. ದಿಂಬಿಗೆ ನೋವಿನ ಎಣ್ಣೆಯ ವಾಸನೆ ಇತ್ತು. ನಾನು ತಂದದ್ದಕ್ಕಿಂತ ಒಳ್ಳೆಯ ಎಣ್ಣೆ.

ಶುಕ್ರವಾರ ಬೆಳಿಗ್ಗೆ ಏಳಕ್ಕೇ ಜೆಟ್ಟಿಯ ಬೇಲಿಯ ಹೊರಗೆ ನಿಂತೆ. ಒಳಗೆ ಹೋಗಲು ನನ್ನಂಥವರಿಗೆ ಅಪ್ಪಣೆಯಿಲ್ಲ. ಕಡಲಿಗೆ ಹೋಗುವವರು ಅಲ್ಲಿನ ಕಾವಲು ಕಚೇರಿಯಲ್ಲಿ ಇಕಾಮಾ ಕೊಟ್ಟು ಹೋಗುತ್ತಾರೆ, ಮರಳಿದಾಗ ರಿಜಿಸ್ಟರಿನಲ್ಲಿ ಗುರುತು ಹಾಕಿ ಪಡೆಯುತ್ತಾರೆ. ನನಗೆ ದಮ್ಮಾಮಿನಿಂದ ಸಂಜೆಯ ರೈಲು. ಅದಕ್ಕಾಗಿ ಮಧ್ಯಾಹ್ನವೇ ದಾರೀನ್ ಬಿಡಬೇಕು. ಎಂಟಾಯಿತು, ಒಂಬತ್ತಾಯಿತು. ಬಂದ ಎರಡು ಬೋಟುಗಳೂ ಬೇರೆಯವರವು. ಹಸನಬ್ಬ ಎರಡು ಸಲ ಚಾ ಕಳಿಸಿದರು. ಹತ್ತೂವರೆಗೆ ಮೂರನೆಯದು ಬಂತು. ಚುಕ್ಕಾಣಿಯಲ್ಲಿ ಅಣ್ಣ ನಿಂತಿದ್ದ.

ಎಡಗೈ ಹೊಟ್ಟೆಗೆ ಒತ್ತಿಕೊಂಡಿತ್ತು. ಬಲಗೈಯೊಂದರಲ್ಲೇ ಬೋಟನ್ನು ಎರಡು ಬೋಟುಗಳ ಮಧ್ಯೆ ತಂದು ನಿಲ್ಲಿಸಿದ, ಯಾವುದಕ್ಕೂ ತಾಗಲಿಲ್ಲ. ಹುಡುಗರು ಅಂಜಲ್ ಮೀನಿನ ಬುಟ್ಟಿಗಳನ್ನು ಇಳಿಸಿದರು. ಅಣ್ಣ ಕಾವಲಿನವನ ಮೇಜಿನ ಮುಂದೆ ಬಗ್ಗಿದ. ಬೇಲಿಯ ತಂತಿಯ ಸಂದಿನಿಂದ ನೋಡುತ್ತಿದ್ದೆ. ಹೆಬ್ಬೆಟ್ಟು ಒತ್ತಲಿಲ್ಲ. ಪೆನ್ನು ತೆಗೆದುಕೊಂಡು, ಬಲದಿಂದ ಎಡಕ್ಕೆ, ನಿಧಾನವಾಗಿ ಬರೆದ. ಬರೆದು ಕೊನೆಗೆ ಒಂದು ಚುಕ್ಕಿ ಇಟ್ಟ.

ಹೊರಗೆ ಬಂದು ನನ್ನನ್ನು ಕಂಡವನು ಮೊದಲು ಕೇಳಿದ್ದು ಉಂಡಿದ್ದೇನೆಯೇ ಎಂದು. ಬೂಫಿಯಾದ ಬೆಂಚಿನಲ್ಲಿ ಕೂತೆವು. ಅರ್ಜಿ ತೆಗೆದೆ, ಅದರ ಜತೆಗೆ ಸ್ಟಾಂಪ್ ಪ್ಯಾಡೂ ಬಂತು. ಅಣ್ಣ ಅದನ್ನು ನೋಡಿ ನಕ್ಕ.

"ಅದ್ ಎಂತಕೆ ತಂದದ್ದ್? ನನ್ ಬೆರಳ್ ಕಾಣ್."

ಹೆಬ್ಬೆರಳು ಚಾಚಿದ. ಉಪ್ಪುನೀರು, ಹಗ್ಗ ಸೇರಿ ಅದರ ಗೆರೆಗಳನ್ನು ಉಜ್ಜಿಬಿಟ್ಟಿದ್ದವು. ಎಷ್ಟು ಒತ್ತಿದರೂ ಕಾಗದದ ಮೇಲೆ ಬರಿಯ ಮಸಿ ಬೀಳುತ್ತಿತ್ತಂತೆ. ಬೇಸತ್ತ ಕಾವಲಿನವನೊಬ್ಬ ಒಂದು ತಿಂಗಳು ಕೂತು ಅರಬ್ಬಿಯಲ್ಲಿ ಹೆಸರು ಬರೆಯಲು ಕಲಿಸಿದನಂತೆ. ನನಗೆ ಹೇಳಿರಲಿಲ್ಲ. ಹೇಳುವಂಥದ್ದು ಎಂತ ಇತ್ತು ಎಂದ.

ನಾನು ಅರ್ಜಿಯನ್ನು ಓದಿ ಹೇಳಿದೆ. ಎಂಟು ಗಂಟೆಯ ಕೆಲಸ, ಏಸಿ ಇರುವ ಕೋಣೆ, ನನ್ನ ಜತೆಗೇ ವಾಸ. ಗೋದಾಮಿನಲ್ಲಿ ಮಾಡುವುದೆಂತ ಎಂದು ಕೇಳಿದ. ಬಂದ ಸಾಮಾನಿನ ಪಟ್ಟಿ ಬರೆಯುವುದು ಎಂದೆ.

"ನಂಗೆ ಬರಿಯೂಕೆ ಹೆಸ್ರ್ ಒಂದೇ ಬಪ್ಪುದ್."

ಉಳಿದದ್ದನ್ನು ನಾನು ಬರೆದುಕೊಡುತ್ತೇನೆ ಎಂದೆ. ಅಣ್ಣ ಚಾದಲ್ಲಿ ರೊಟ್ಟಿ ಅದ್ದಿಕೊಂಡು ತಿಂದ. ಭುಜದ ಮಾತೆತ್ತಿದೆ. ಈಗ ಬಲೆ ಎಳೆಯುವುದು ಹುಡುಗರು, ತಾನು ಚುಕ್ಕಾಣಿ ಮಾತ್ರ ಎಂದ. ಚಳಿಗಾಲದ ಗಾಳಿ ಎದ್ದರೆ ಒಂದು ಕೈಯಲ್ಲಿ ಏನು ಮಾಡುತ್ತೀ ಎಂದು ಕೇಳಿದೆ. ನನ್ನ ದನಿ ಏರಿತ್ತು. ಹಸನಬ್ಬ ಒಳಗೆ ಪಾತ್ರೆ ತೊಳೆಯಲು ಹೋದರು.

"ತಮ್ಮಾ, ನಿನ್ನ ಕಾಲೇಜಿಗೆ ಕಳ್ಸದ್ದ್ ನೀನ್ ದೋಣಿ ಹತ್ತೂದ್ ಬ್ಯಾಡ ಅಂದೇಳಿ. ನನ್ನ ಇಳ್ಸುಕೆ ಅಂದೇಳಿ ಅಲ್ಲ."

ಕಠಿಣವಾಗಿ ಹೇಳಲಿಲ್ಲ. ಅರ್ಜಿಯನ್ನು ಮಡಚಿ, ಮೀನಿನ ಕೈ ತಾಗದ ಹಾಗೆ ಎರಡು ಬೆರಳ ತುದಿಯಲ್ಲಿ ಹಿಡಿದು ನನ್ನ ಜೇಬಿಗೆ ಇಟ್ಟ. ನನಗೆ ಸಿಟ್ಟು ಬಂದಿತ್ತು, ದಣಿವೂ ಇತ್ತು. ಯಾವುದು ಯಾವುದೆಂದು ತಿಳಿಯುವಂತಿರಲಿಲ್ಲ. ಜುಮ್ಮಾ ನಮಾಜಿಗೆ ಶಟರು ಎಳೆಯುವ ಹೊತ್ತಾಗಿತ್ತು. ಖರ್ಜೂರದ ಡಬ್ಬ, ಎಣ್ಣೆಯ ಬಾಟಲಿ ಕೊಟ್ಟೆ. ಅವನು ಒಂದು ಅಂಜಲನ್ನು ತುಂಡು ಮಾಡಿ ಉಪ್ಪು ಹಚ್ಚಿ, ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಕೊಟ್ಟ.

ನಮಾಜು ಮುಗಿದ ಮೇಲೆ ಬಂದ ಗಾಡಿಯ ಬಾಗಿಲಿಗೆ ಕೈಯಿಟ್ಟು, "ಮತ್ತೆ ಬಪ್ಪುದಾರೆ ಹದಿನಾಲ್ಕಕ್ಕೆ ಬಾ. ದಡದಲ್ಲೇ ಇರ್ತೆ," ಎಂದ. ಗಾಡಿ ಹೊರಟಿತು. ತಿರುಗಿ ನೋಡಿದಾಗ ಅವನು ಆಗಲೇ ಜೆಟ್ಟಿಯ ಕಡೆ ನಡೆಯುತ್ತಿದ್ದ. ಆ ದಿನ ಇಪ್ಪತ್ತೊಂಬತ್ತು; ಇನ್ನೂ ಒಂದು ಕತ್ತಲು ಅವನಿಗೆ ಬಾಕಿ ಇತ್ತು.

ರೈಲಿನಲ್ಲಿ ನನ್ನ ಸುತ್ತ ಯಾರೂ ಕೂರಲಿಲ್ಲ. ಮೂರು ಪದರ ಕಟ್ಟಿದರೂ ಮೀನು ಮೀನೇ. ನಾನು ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ರಿಯಾದಿನವರೆಗೂ ನಿದ್ದೆ ಮಾಡಿದೆ.

ಶನಿವಾರ ಬೆಳಿಗ್ಗೆ ಮ್ಯಾನೇಜರರಿಗೆ ಅರ್ಜಿ ಹಿಂದಿರುಗಿಸಿದೆ. ಆ ಜಾಗಕ್ಕೆ ಮಧ್ಯಾಹ್ನದೊಳಗೆ ಬೇರೆಯವರು ಸಿಕ್ಕಿದರು. ಹಿಂದಿನ ಸಂಜೆ ಚಂದ್ರ ಕಂಡಿದ್ದನಂತೆ, ಹೊಸ ತಿಂಗಳ ಒಂದನೇ ತಾರೀಕು. ಬೆರಳಿನಲ್ಲಿ ಎಣಿಸಿ ನೋಡಿದೆ, ಹದಿನಾಲ್ಕು ಶುಕ್ರವಾರ ಬೀಳುತ್ತದೆ. ಹದಿಮೂರರ ಗುರುವಾರಕ್ಕೆ ರಜೆಯ ಅರ್ಜಿ ಟೈಪು ಮಾಡಿದೆ. ಕಾರಣ ಎಂಬ ಜಾಗದಲ್ಲಿ ಹುಣ್ಣಿಮೆ ಎಂದು ಬರೆಯುವ ಹಾಗಿಲ್ಲ. ಮನೆಯ ಕೆಲಸ ಎಂದು ಬರೆದೆ.