ರಾಫ್ಟ್ ಇಳಿದ ಸಂಜೆ ಬರೆದ ಫೈಲು

ಕಾಳಿ ನದಿಯಲ್ಲಿ ನಮ್ಮ ರಾಫ್ಟಿನ ಗೈಡ್ ನೀರಿಗೆ ಬಿದ್ದು ಸತ್ತು ಐದು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಅವನ ಅಣ್ಣ ಹಳಿಯಾಳಕ್ಕೆ, ನಾನು ಕಲಿಸುವ ಕಾಲೇಜಿಗೆ ಬಂದರು. ದಾಂಡೇಲಿಯಲ್ಲಿ ಅವರದು ಕಂಪ್ಯೂಟರ್ ರಿಪೇರಿ ಅಂಗಡಿ.

"ನಮ್ಮ ತಮ್ಮ ಸುಮ್‌ಸುಮ್ನ ಎದ್ದು ನಿಂತಿದ್ದ, ತಪ್ಪು ಅವಂದ ಅಂತ ರಾಫ್ಟಿನ ಮಾಲಕ ಪೊಲೀಸ್ರ ಮುಂದ ಬರಸ್ಯಾನ್ರಿ. ಅವನ ಪಕ್ಕಕ್ಕ ನೀವ ಕುಂತಿದ್ರಿ."

ಕುಳಿತಿದ್ದೆ. ಅಂದು ಪೊಲೀಸರು ಕೇಳಿದಾಗ 'ಎದ್ದಾಗ ಬಿದ್ದ' ಎಂದಷ್ಟೇ ಹೇಳಿದ್ದೆ. ಆಮೇಲೆ ಆ ಗಳಿಗೆ ಪಾಠ ಮಾಡುವಾಗಲೂ ಕಣ್ಣ ಮುಂದೆ ಬರುತ್ತಿತ್ತು. ಒಮ್ಮೆ ಅವನು ಹಿಂದಿನ ರಾಫ್ಟಿಗೆ ಕೈಬೀಸಲು ಏಳುತ್ತಿದ್ದ, ಒಮ್ಮೆ ಬಂಡೆಗೆ ಹುಟ್ಟು ಕೊಟ್ಟು ರಾಫ್ಟನ್ನು ದೂರ ತಳ್ಳಲು. ಯಾವುದು ನಿಜವೋ ಹೇಳಲಾರದೆ ಹೋಗಿದ್ದೆ. ಆದರೆ ಆ ಸಂಜೆಯೇ, ತಲೆಗೂದಲು ಆರುವ ಮೊದಲೇ, ಕಂಡದ್ದನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಬರೆದಿಟ್ಟಿದ್ದೆ. ಮತ್ತೆ ತೆರೆದಿರಲಿಲ್ಲ. ಹಿಂದಿನ ವಾರ ಲ್ಯಾಪ್‌ಟಾಪ್ ಕೆಟ್ಟು ಹೊಸದಾಗಿ ವಿಂಡೋಸ್ ಹಾಕಿಸಿದ್ದರಿಂದ ಈಗ ಆ ಫೈಲು ಇರಲಿಲ್ಲ. ಅವರಿಗೆ ಅದನ್ನೇ ಹೇಳಿದೆ.

"ಕೊಡ್ರಿ ಇಲ್ಲೆ," ಎಂದು ಸ್ಟಾಫ್ ರೂಮಿನಲ್ಲೇ ಕೂತರು. "ಎಲ್ಲಿಟ್ಟಿದ್ರಿ?"

"ಡೆಸ್ಕ್‌ಟಾಪಿನ್ಯಾಗ."

"ಟೀಚರ್ ಮಂದಿ ಎಲ್ಲಾರೂ ಅಷ್ಟ. ಡಿ ಡ್ರೈವ್ ಏನು ದೇವರ ಕೋಣಿ ಏನ್ರಿ, ಕಾಲಿಡಬಾರ್ದು?"

ಪುಣ್ಯಕ್ಕೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಿರಲಿಲ್ಲ. ಹಳೆಯ ವಿಂಡೋಸ್ ಪೂರ್ತಿ ಒಂದು ಫೋಲ್ಡರಿನಲ್ಲಿ ಉಳಿದಿತ್ತು. ಹತ್ತು ದಿನಕ್ಕೆ ಅದು ತಾನೇ ಅಳಿಸಿಹೋಗುತ್ತದಂತೆ; ಅಂದು ಎಂಟನೆಯ ದಿನ. ಒಳಗೆ ನನ್ನದೇ ಹೆಸರಿನ ಫೋಲ್ಡರು. ಒತ್ತಿದರೆ ನನಗೆ ಅನುಮತಿ ಇಲ್ಲ ಎಂದಿತು.

"ಹೆಸರು ಒಂದ ಇದ್ರೂ ಇದಕ್ಕ ನೀವು ಬ್ಯಾರೆ ಮನಿಶಾರು," ಎನ್ನುತ್ತ ಅವರು ಆ ಫೋಲ್ಡರಿನ ಒಡೆತನವನ್ನು ನನ್ನ ಹೊಸ ಖಾತೆಗೆ ಬದಲಿಸಿದರು. ಅರ್ಧ ಗಂಟೆ ಹಿಡಿಯಿತು. ಫೈಲು ಸಿಕ್ಕಿತು.

ತೆರೆದರೆ ಕನ್ನಡವೇ ಇರಲಿಲ್ಲ. ಇಂಗ್ಲಿಷ್ ಅಕ್ಷರ, ಚುಕ್ಕೆ, ಏನೇನೋ ಚಿಹ್ನೆಗಳ ಸಾಲು. ಮೌಸಿನ ಮೇಲೆ ಅವರ ಕೈ ನಿಂತುಬಿಟ್ಟಿತು.

"ಕರಪ್ಟ್ ಆಗೈತ್ರಿ. ನಮ್ಮ ನಸೀಬ."

ಉರ್ದು ಶಾಲೆಯಲ್ಲಿ ಕಲಿತ ಅವರಿಗೆ ಕನ್ನಡ ಟೈಪಿಂಗಿನ ಸಂಗತಿ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅದು ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲಿ ಬರೆದದ್ದು, ಹೊಸ ವಿಂಡೋಸಿನಲ್ಲಿ ನುಡಿ ಹಾಕಿಸಿರಲಿಲ್ಲ, ಅಷ್ಟೇ. ಸುಮ್ಮನಿದ್ದರೆ ಅವರು ಅಲ್ಲಿಗೇ ಬಿಟ್ಟು ಎದ್ದು ಹೋಗುತ್ತಿದ್ದರು. ಒಳಗೆ ಏನಿದೆಯೋ ಎಂಬ ಹೆದರಿಕೆಗೆ ನಾನು ಸುಮ್ಮನಿದ್ದದ್ದೂ ಹೌದು. ಎಷ್ಟು ಹೊತ್ತೋ. ಅವರು ಕಿಸೆಯಿಂದ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ ಮೇಲೆ ಬಾಯಿ ಬಂತು.

"ಕೆಟ್ಟಿಲ್ಲ ಭಾಯ್. ನುಡಿ ಹಾಕಬೇಕು."

ಹಾಕಿದೆವು. ಅಕ್ಷರಗಳು ಸರಿಯಾದವು.

"ನನಗ ಕನ್ನಡ ಸಲೀಸ ಓದಾಕ ಬರಂಗಿಲ್ಲ. ನೀವ ಓದ್ರಿ."

ಓದಿದೆ. 'ಫೋಟೋಗೆಂದು ನಾನು ಲೈಫ್ ಜಾಕೆಟಿನ ಪಟ್ಟಿ ಬಿಚ್ಚಿಕೊಂಡಿದ್ದೆ. ಗೈಡ್ ಎರಡು ಸಲ ಕೂಗಿದ. ನಾನು ನಕ್ಕೆ. ಅವನು ಎದ್ದು ನನ್ನ ಪಟ್ಟಿ ಬಿಗಿದ. ಕೈ ತೆಗೆಯುವುದರೊಳಗೆ ರಾಫ್ಟು ಬಂಡೆಗೆ ಬಡಿಯಿತು. ಇಬ್ಬರೂ ನೀರಿಗೆ ಬಿದ್ದೆವು.' ಮುಂದೆಯೂ ಇತ್ತು. ನಾನು ಅಲ್ಲಿಗೇ ನಿಲ್ಲಿಸಿದೆ.

ಅವರು ಪರದೆಯಿಂದ ನನ್ನ ಕಡೆ ತಿರುಗಿದರು.

"ಪಟ್ಟಿ ಪೂರ್ತಿ ಬಿಗದಿದ್ದನೇನ್ರಿ?"

"ಹೂಂ. ಅದಕ್ಕ ನಾ ತೇಲಿದೆ."

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಎರಡು ಪ್ರಿಂಟ್ ತಗೀರಿ. ಸಹಿ ಹಾಕ್ರಿ," ಎಂದರು. ಹಾಕಿದೆ. ಹಾಳೆಗಳನ್ನು ಮಡಚಿ ಅಂಗಿಯೊಳಗೆ ಇಟ್ಟುಕೊಂಡು, ಬಾಗಿಲ ಕಡೆ ಮುಖ ಮಾಡಿಯೇ ಹೇಳಿದರು: "ನಾಳೆ ಹತ್ತಕ್ಕ ಠಾಣೆಗೆ ಬರ್ರಿ. ಅಲ್ಲೂ ಹಿಂಗ ಓದಬೇಕು. ನಕ್ಕಿದ್ದನ್ನೂ ಬಿಡಬ್ಯಾಡ್ರಿ."

"ಬರ್ತೇನಿ," ಎಂದೆ.